ಒಂದು ಪ್ರದೇಶದ ಸರಕು ಸಾಗಣೆಗೆ ಯೋಜನೆ ಮಾಡುವುದು ಹೇಗೆ? ಮೊದಲ ಎಣಿಕೆಯಿಂದ ಕೊನೆಯ ಅಳತೆವರೆಗೆ

ಸರಕು ಸಾಗಣೆಯ ಸಭೆಗಳು ಸಾಮಾನ್ಯವಾಗಿ ಶುರುವಾಗುವುದೇ ನಕ್ಷೆಯಿಂದ. ಗೋಡೆ ಮೇಲೆ ದೊಡ್ಡ ನಕ್ಷೆ ಹಾಕುತ್ತಾರೆ, ಯಾರೋ ಒಬ್ಬರು ಎದ್ದು ಎರಡು ಊರುಗಳ ನಡುವೆ ಗೆರೆ ಎಳೆಯುತ್ತಾರೆ, ಉಳಿದವರೆಲ್ಲ ಅದು ನಾಲ್ಕು ಪಥ ಇರಬೇಕೋ ಆರು ಪಥ ಇರಬೇಕೋ ಅಂತ ಮಾತಾಡುತ್ತಾ ಕೂರುತ್ತಾರೆ. ಆ ಗೆರೆ ಮೇಲೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ, ಈಗ ಅದು ಎಲ್ಲಿ ನಿಂತು ಕಾಯುತ್ತಿದೆ ಅಂತ ಕೇಳುವವರು ಕಡಿಮೆ. ಬಸ್ಸು ತಡವಾದರೆ ಜನ ಜಗಳ ಮಾಡುತ್ತಾರೆ. ಸರಕಿಗೆ ಬಾಯಿಲ್ಲ. ಅದು ಸುಮ್ನೆ ನಿಂತಿರುತ್ತದೆ, ಅದರ ಖರ್ಚು ಮಾತ್ರ ಯಾರದೋ ಲೆಕ್ಕದಲ್ಲಿ ಸೇರುತ್ತಾ ಹೋಗುತ್ತದೆ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ನಾವು ಗೆರೆ ಎಳೆಯುವುದನ್ನು ತುಂಬಾ ತಡವಾಗಿ ಮಾಡುತ್ತೇವೆ. ಮೊದಲು ಸರಕಿನ ಹಿಂದೆ ನಡೆಯೋಣ. ನೀವು ಜಿಲ್ಲಾ ಮಟ್ಟದ ಅಧಿಕಾರಿ ಇರಬಹುದು, ಉದ್ಯಮಿಗಳ ಸಂಘದವರಿರಬಹುದು, ಯೋಜನಾ ಕಚೇರಿಗೆ ಹೊಸದಾಗಿ ಸೇರಿದವರಿರಬಹುದು. ಕೆಲಸದ ದಾರಿ ಎಲ್ಲರಿಗೂ ಒಂದೇ.

ಹಂತ 1: ಯಾವ ಅಭಿವೃದ್ಧಿ ಬೇಕು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ಆರ್ಥಿಕ ಅಭಿವೃದ್ಧಿ" ಅಂತ ಬರೆದರೆ ಸಾಲದು. ಇಲ್ಲಿ ಬೆಳೆದದ್ದು ಹಾಳಾಗುವ ಮುಂಚೆ ಮಾರುಕಟ್ಟೆ ಸೇರಬೇಕಾ? ಇರುವ ಕಾರ್ಖಾನೆಗಳು ಬೇರೆ ಕಡೆ ಹೋಗದಂತೆ ಉಳಿಸಿಕೊಳ್ಳಬೇಕಾ? ಹೊಸ ಉದ್ಯಮ ಬರಬೇಕಾ? ಈ ಮೂರಕ್ಕೂ ಬೇಕಾದ ಸಾಗಣೆ ಬೇರೆ ಬೇರೆ. ಮೊದಲನೆಯದಕ್ಕೆ ತಣ್ಣನೆಯ ಗೋದಾಮು ಮತ್ತು ಹೊತ್ತಿಗೆ ಸರಿಯಾಗಿ ಬರುವ ಲಾರಿ ಬೇಕು. ಎರಡನೆಯದಕ್ಕೆ ಕಾರ್ಖಾನೆಯ ಗೇಟಿನಿಂದ ಹೆದ್ದಾರಿವರೆಗಿನ 2 ಕಿಲೋಮೀಟರ್ ಹದಗೆಟ್ಟ ರಸ್ತೆ ಸರಿಹೋದರೆ ಸಾಕಾಗಬಹುದು.

ಇಲ್ಲೇ ಇನ್ನೊಂದು ಮಾತು. ರಸ್ತೆ ಎರಡೂ ಕಡೆಗೆ ಓಡುತ್ತದೆ. ನಿಮ್ಮ ಸರಕು ಹೊರಗೆ ಹೋಗಲಿ ಅಂತ ನೀವು ಹಾಕಿದ ರಸ್ತೆಯಲ್ಲೇ ಹೊರಗಿನ ಅಗ್ಗದ ಸರಕು ಒಳಗೂ ಬರುತ್ತದೆ. ಇಲ್ಲಿಯ ಸಣ್ಣ ತಯಾರಕರು ಇಷ್ಟು ದಿನ ಉಳಿದುಕೊಂಡಿದ್ದೇ ದಾರಿ ದೂರ ಅನ್ನುವ ಕಾರಣಕ್ಕಾಗಿದ್ದರೆ ಮೊದಲ ಪೆಟ್ಟು ಅವರಿಗೇ ಬೀಳುತ್ತದೆ. ಹಾಗಂತ ರಸ್ತೆ ಬೇಡ ಅಂತಲ್ಲ. ಯಾರಿಗೆ ಲಾಭ, ಯಾರಿಗೆ ಪೆಟ್ಟು ಅನ್ನುವುದನ್ನು ಶುರುವಿನಲ್ಲೇ ಬರೆದಿಟ್ಟುಕೊಳ್ಳಿ ಅಂತ ಹೇಳುತ್ತಿದ್ದೇನೆ. ಆಮೇಲೆ ನೆನಪಾದರೆ ತಡವಾಗಿರುತ್ತದೆ. ಅದೇ ರೀತಿ ದೊಡ್ಡ ಗೋದಾಮು ಬಂದರೆ ತುಂಬಾ ಕೆಲಸ ಸಿಗುತ್ತದೆ ಅನ್ನುವ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡಿ. ಗೋದಾಮಿಗೆ ಜಾಗ ಜಾಸ್ತಿ ಬೇಕು. ಆದರೆ ಎಕರೆಗೆ ಸಿಗುವ ಕೆಲಸ ಸಾಮಾನ್ಯವಾಗಿ ಕಾರ್ಖಾನೆಗಿಂತ ಕಡಿಮೆ.

ಹಂತ 2: ಪ್ರದೇಶದ ಗಡಿಯನ್ನು ಸರಕೇ ಹೇಳಲಿ

ಆಡಳಿತದ ಗಡಿ ಸರಕಿಗೆ ಗೊತ್ತಿಲ್ಲ. ಕಚ್ಚಾ ಮಾಲು ಎಲ್ಲಿಂದ ಬರುತ್ತದೆ, ತಯಾರಾದ ಮಾಲು ಎಲ್ಲಿಗೆ ಹೋಗುತ್ತದೆ, ಯಾವ ಬಂದರು, ಯಾವ ರೈಲು ನಿಲ್ದಾಣ, ಯಾವ ಗೋದಾಮು, ಇಷ್ಟನ್ನೂ ಸೇರಿಸಿ ಒಂದು ಸುತ್ತು ಹಾಕಿ. ಅದೇ ನಿಮ್ಮ ಪ್ರದೇಶ. ಅದರ ಅರ್ಧ ಭಾಗ ಪಕ್ಕದ ಆಡಳಿತದ ಕೈಯಲ್ಲಿದ್ದರೆ ಮೊದಲ ದಿನದಿಂದಲೇ ಅವರನ್ನು ಜೊತೆಗೆ ಕೂರಿಸಿಕೊಳ್ಳಿ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನೆದರ್ಲೆಂಡ್ಸ್‌ನ ಬೆಟುವೆ ಮಾರ್ಗ ನೋಡಿ. ರಾಟರ್‌ಡ್ಯಾಮ್ ಬಂದರಿನಿಂದ ಜರ್ಮನಿಯ ಗಡಿವರೆಗೆ ಸುಮಾರು 160 ಕಿಲೋಮೀಟರ್, ಬರೀ ಗೂಡ್ಸ್ ರೈಲಿಗಾಗಿಯೇ ಕಟ್ಟಿದ್ದು, 2007ರಲ್ಲಿ ಶುರುವಾಯಿತು. ಒಳ್ಳೆಯ ಕೆಲಸವೇ. ಆದರೆ ಗಡಿಯ ಆಚೆ ಜರ್ಮನಿಯಲ್ಲಿ ಇರುವ ಎರಡು ರೈಲು ಮಾರ್ಗಗಳ ಪಕ್ಕ ಹಾಕಬೇಕಿದ್ದ ಮೂರನೇ ಮಾರ್ಗದ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಈ ಕಡೆ ಅಗಲವಾದ ಪೈಪು, ಆ ಕಡೆ ಕಿರಿದಾದ ಪೈಪು. ನೀರು ಎಷ್ಟು ಬರುತ್ತದೆ ಅಂತ ನಿರ್ಧರಿಸುವುದು ಕಿರಿದಾದದ್ದೇ ಅಲ್ವಾ?

ಹಂತ 3: ಎಣಿಸಿ. ಲಾರಿಯನ್ನಲ್ಲ, ಸರಕನ್ನು

ರಸ್ತೆ ಬದಿಯಲ್ಲಿ ನಿಂತು ಲಾರಿ ಎಣಿಸುವುದು ಸುಲಭ. ಅದರಿಂದ ಗೊತ್ತಾಗುವುದು ರಸ್ತೆ ಎಷ್ಟು ತುಂಬಿದೆ ಅನ್ನುವುದಷ್ಟೇ. ಒಳಗೆ ಸಿಮೆಂಟ್ ಇತ್ತೋ, ಔಷಧಿ ಇತ್ತೋ, ಏನೂ ಇರಲಿಲ್ಲವೋ ಗೊತ್ತಾಗುವುದಿಲ್ಲ. ನಿಮಗೆ ಬೇಕಾದದ್ದು ಒಂದು ದೊಡ್ಡ ಕೋಷ್ಟಕ. ಯಾವ ಸರಕು, ಎಲ್ಲಿಂದ, ಎಲ್ಲಿಗೆ, ಎಷ್ಟು ಟನ್, ಎಷ್ಟು ಬೆಲೆ, ಯಾವುದರಲ್ಲಿ ಹೋಯಿತು, ವರ್ಷದ ಯಾವ ತಿಂಗಳಲ್ಲಿ.

ಅಮೆರಿಕದಲ್ಲಿ ಇದಕ್ಕಾಗಿಯೇ 5 ವರ್ಷಕ್ಕೊಮ್ಮೆ ಸರಕು ಹರಿವಿನ ಸಮೀಕ್ಷೆ ನಡೆಯುತ್ತದೆ. ಲಾರಿಗಳನ್ನಲ್ಲ, ಸರಕು ಕಳಿಸುವ ಸಂಸ್ಥೆಗಳನ್ನೇ ಕೇಳುತ್ತಾರೆ. ಆ ಅಂಕಿಗಳಿಗೆ ಬೇರೆ ಮೂಲಗಳನ್ನೂ ಸೇರಿಸಿ ದೇಶವನ್ನು 130ಕ್ಕೂ ಹೆಚ್ಚು ವಲಯಗಳಾಗಿ, ಸರಕನ್ನು 40ಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಿ ಇಡುತ್ತಾರೆ. ನಿಮ್ಮ ಕಡೆ ಅಂಥದ್ದು ಇಲ್ಲದಿದ್ದರೆ ಕೈ ಚೆಲ್ಲಿ ಕೂರಬೇಡಿ. ತೆರಿಗೆ ಇಲಾಖೆಯ ಸಾಗಣೆ ಬಿಲ್ಲುಗಳು, ಟೋಲ್ ದಾಖಲೆ, ವೇಬ್ರಿಡ್ಜ್‌ನ (ಲಾರಿ ತೂಗುವ ಜಾಗದ) ಪುಸ್ತಕ, ರೈಲ್ವೆಯ ಬುಕಿಂಗ್ ಲೆಕ್ಕ, ಬಂದರಿನ ತಿಂಗಳ ವರದಿ, ಲಾರಿಗಳ ಜಿಪಿಎಸ್ ಮಾಹಿತಿ, ಹೀಗೆ ಏನೇನೋ ಇರುತ್ತದೆ. ಯಾವುದೂ ಪೂರ್ತಿ ಇರುವುದಿಲ್ಲ. ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಮೂಡುತ್ತದೆ.

ಆಮೇಲೂ ಉಳಿದ ತೂತುಗಳನ್ನು ಮುಚ್ಚಲು ರಸ್ತೆ ಬದಿಯ ಸಮೀಕ್ಷೆ ಮಾಡಿ. ಚಾಲಕರಿಗೆ ಪ್ರಶ್ನೆ ಐದು ಸಾಕು: ಎಲ್ಲಿಂದ ಹೊರಟಿರಿ, ಎಲ್ಲಿಗೆ, ಏನು ಮಾಲು, ಎಷ್ಟು ತೂಕ, ವಾಪಸ್ ಬರುವಾಗ ಲೋಡ್ ಇರುತ್ತದಾ. ಐದನೆಯದನ್ನು ಮರೆಯಲೇಬೇಡಿ. ಯುರೋಪಿನ ಒಕ್ಕೂಟದಲ್ಲಿ ಕೂಡ ಲಾರಿಗಳು ಓಡುವ ದೂರದಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಖಾಲಿ ಓಟ. ಹೋಗುವಾಗ ತುಂಬಿ, ಬರುವಾಗ ಖಾಲಿ ಬರುವ ಪ್ರದೇಶದಲ್ಲಿ ಸರಕಿನವರು ಕೊಡುವ ಬಾಡಿಗೆಯಲ್ಲಿ ಆ ಖಾಲಿ ಓಟದ ಡೀಸೆಲ್ಲೂ ಸೇರಿರುತ್ತದೆ. ವಾಪಸ್ ಲೋಡ್ ಹುಡುಕಿಕೊಟ್ಟರೆ ಒಂದು ಅಡಿ ರಸ್ತೆ ಹಾಕದೆ ಬಾಡಿಗೆ ಇಳಿಸಬಹುದು.

ಸಮೀಕ್ಷೆಯನ್ನು ವಾರದ ಒಂದೇ ದಿನ, ಹಗಲಲ್ಲಿ ಮಾತ್ರ ಮಾಡಬೇಡಿ. ದೂರದ ಲಾರಿಗಳಲ್ಲಿ ಬಹಳಷ್ಟು ಓಡುವುದು ರಾತ್ರಿ.

ಹಂತ 4: ಒಂದು ಲಾರಿಯ ಜೊತೆ ಒಂದು ದಿನ ಇರಿ

ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ, ಎಲ್ಲರೂ ಬಿಟ್ಟುಬಿಡುವ ಹಂತವೂ ಇದೇ. ಒಂದು ಹಾಳೆ, ಒಂದು ಗಡಿಯಾರ ತೆಗೆದುಕೊಂಡು ಲಾರಿಯಲ್ಲಿ ಕೂತುಬಿಡಿ. ಹಾಳೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ.

ಬೆಳಿಗ್ಗೆ 6:00, ಕಾರ್ಖಾನೆಯ ಗೇಟು. 6:50ಕ್ಕೆ ಗೇಟ್ ಚೀಟಿ ಸಿಕ್ಕಿತು. 7:20ಕ್ಕೆ ಖಾಲಿ ತೂಕ ಆಯಿತು. ಲೋಡಿಂಗ್ ಶುರುವಾಗಿದ್ದು 10:45ಕ್ಕೆ, ಮುಗಿದಿದ್ದು 12:05ಕ್ಕೆ. ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವಷ್ಟರಲ್ಲಿ 12:35. ತುಂಬಿದ ತೂಕ, ಬಿಲ್ಲು, ಸಹಿ ಎಲ್ಲ ಮುಗಿಸಿ ಹೊರಟಿದ್ದು ಮಧ್ಯಾಹ್ನ 1:45ಕ್ಕೆ. 140 ಕಿಲೋಮೀಟರ್ ಓಡಿ ಸಂಜೆ 5:15ಕ್ಕೆ ನಗರದ ಹೊರಗೆ ಬಂದು ನಿಂತಿತು. ರಾತ್ರಿ 10 ಗಂಟೆವರೆಗೆ ಭಾರಿ ವಾಹನಕ್ಕೆ ಪ್ರವೇಶ ಇಲ್ಲ. 10ಕ್ಕೆ ಹೊರಟು, 25 ಕಿಲೋಮೀಟರ್ ದಾಟಿ, 10:50ಕ್ಕೆ ಗೋದಾಮು ಮುಟ್ಟಿತು. ಇಳಿಸುವವರು ಮನೆಗೆ ಹೋಗಿ ಆಗಿದೆ. ಮರುದಿನ 6:30ಕ್ಕೆ ಅನ್‌ಲೋಡಿಂಗ್ ಶುರು, 8:00ಕ್ಕೆ ಖಾಲಿ.

ಒಟ್ಟು 26 ಗಂಟೆ. ಚಕ್ರ ತಿರುಗಿದ್ದು 4 ಗಂಟೆ 20 ನಿಮಿಷ. ತುಂಬುವುದು, ಕಟ್ಟುವುದು, ಇಳಿಸುವುದು ಸೇರಿ 3 ಗಂಟೆ 20 ನಿಮಿಷ. ಉಳಿದ 18 ಗಂಟೆ 20 ನಿಮಿಷದಲ್ಲಿ ತೂಕ, ಕಾಗದ ಬಿಟ್ಟರೆ ಬರೀ ಕಾಯುವುದು.

ಈಗ ಆ 140 ಕಿಲೋಮೀಟರ್‌ಗೆ ಹೊಸ ಹೆದ್ದಾರಿ ಹಾಕಿದಿರಿ, ಲಾರಿ ಕಾಲು ಭಾಗ ಜಾಸ್ತಿ ವೇಗದಲ್ಲಿ ಓಡಿತು ಅಂದುಕೊಳ್ಳಿ. 42 ನಿಮಿಷ ಉಳಿಯಿತು. ಏನಾಗುತ್ತದೆ? ಲಾರಿ 5:15ರ ಬದಲು 4:33ಕ್ಕೆ ನಗರದ ಹೊರಗೆ ಬಂದು ನಿಲ್ಲುತ್ತದೆ. ರಾತ್ರಿ 10ರವರೆಗೆ ಕಾಯುತ್ತದೆ. ಸರಕು ಕೈಗೆ ಸಿಗುವುದು ಮತ್ತೆ ಮರುದಿನ ಬೆಳಿಗ್ಗೆ 8ಕ್ಕೇ. ಅದರ ಬದಲು ಗೋದಾಮಿನಲ್ಲಿ ರಾತ್ರಿ ಪಾಳಿ ಇಟ್ಟರೆ 12:20ಕ್ಕೇ ಲಾರಿ ಖಾಲಿಯಾಗುತ್ತದೆ, 7 ಗಂಟೆ 40 ನಿಮಿಷ ಉಳಿಯುತ್ತದೆ. ಕಾರ್ಖಾನೆಯವರು ಲೋಡಿಂಗ್‌ಗೆ ಹೊತ್ತು ನಿಗದಿ ಮಾಡಿ ಮೊದಲೇ ಹೇಳಿದರೆ ಚಾಲಕ 6ಕ್ಕೆ ಬಂದು ನಿಲ್ಲುವುದೇ ಬೇಕಿಲ್ಲ, ಆ ಹೊತ್ತಿನಲ್ಲಿ ಇನ್ನೊಂದು ಸಣ್ಣ ಟ್ರಿಪ್ ಮುಗಿಸಿರುತ್ತಾರೆ.

ಹೆದ್ದಾರಿ ದಂಡ ಅಂತ ನಾನು ಹೇಳುತ್ತಿಲ್ಲ. ಬೇರೆ ಸರಕಿನ ಹಾಳೆ ಬೇರೆ ಕಥೆ ಹೇಳಬಹುದು. ಅದಕ್ಕೇ ಮುಖ್ಯವಾದ ಪ್ರತಿ ಸರಕಿಗೂ ಇಂಥ 10-15 ಹಾಳೆಗಳಾದರೂ ಬೇಕು.

ಹಂತ 5: ಯಾರನ್ನು ಕೇಳಬೇಕೋ ಅವರನ್ನೇ ಕೇಳಿ

ಸಭೆಗೆ ಸಾಮಾನ್ಯವಾಗಿ ಬರುವುದು ದೊಡ್ಡ ಕಾರ್ಖಾನೆಗಳ ವ್ಯವಸ್ಥಾಪಕರು. ಅವರ ಮಾತು ಬೇಕು, ಅದೊಂದೇ ಸಾಲದು. ಒಂದೆರಡು ಲಾರಿ ಇಟ್ಟುಕೊಂಡವರು, ಚಾಲಕರು, ಲೋಡ್ ಮಾಡುವವರು, ಟ್ರಾನ್ಸ್‌ಪೋರ್ಟ್ ಬುಕಿಂಗ್ ಏಜೆಂಟರು, ಸಂಚಾರ ಪೊಲೀಸರು, ರಸ್ತೆ ಪಕ್ಕದ ಮನೆಯವರು, ಇವರೆಲ್ಲ ನಿಮ್ಮ ಸಭೆಗೆ ಬರಲಾರರು. ನೀವೇ ಹೋಗಬೇಕು. ಏಜೆಂಟರ ಹತ್ತಿರ ಅರ್ಧ ದಿನ ಕೂತರೆ ಯಾವ ದಾರಿಗೆ ಲಾರಿ ಸಿಗುವುದಿಲ್ಲ, ಯಾವ ತಿಂಗಳು ಬಾಡಿಗೆ ಏರುತ್ತದೆ ಅನ್ನುವುದು ಬಾಯಲ್ಲೇ ಸಿಗುತ್ತದೆ.

ಕಂಪನಿಗಳು ತಮ್ಮ ಅಂಕಿ ಕೊಡಲು ಹಿಂಜರಿಯುತ್ತವೆ, ಅದು ಸಹಜ. ಹೆಸರು ಹೊರಬರದಂತೆ ಒಟ್ಟುಗೂಡಿಸಿಯೇ ಬಳಸುತ್ತೇವೆ ಅಂತ ಬರೆದುಕೊಡಿ, ಆ ಮಾತು ಉಳಿಸಿಕೊಳ್ಳಿ.

ಹಂತ 6: ಯಾವ ಸರಕಿಗೆ ಯಾವ ವಾಹನ

ಲೆಕ್ಕ ಸರಳ. ಒಂದು ಲಾರಿಗೆ 25 ಟನ್ ಅಂತ ಇಟ್ಟುಕೊಳ್ಳಿ. 50 ವ್ಯಾಗನ್‌ಗಳ ಗೂಡ್ಸ್ ರೈಲಿನಲ್ಲಿ ವ್ಯಾಗನ್‌ಗೆ 60 ಟನ್ ಅಂದರೂ 3,000 ಟನ್, ಅಂದರೆ 120 ಲಾರಿ. ಮಿಸಿಸಿಪ್ಪಿ ನದಿಯಲ್ಲಿ 15 ದೋಣಿಗಳನ್ನು ಒಟ್ಟಿಗೆ ಕಟ್ಟಿ ತಳ್ಳಿಕೊಂಡು ಹೋಗುತ್ತಾರೆ. ಒಂದರಲ್ಲಿ ಸುಮಾರು 1,500 ಟನ್ ಅಂದರೆ ಒಟ್ಟು 22,500 ಟನ್, 900 ಲಾರಿಗಳ ಮಾಲು. ಹಾಗಾದರೆ ಎಲ್ಲವನ್ನೂ ರೈಲಿಗೆ, ನೀರಿಗೆ ಹಾಕಿಬಿಡೋಣ ಅನ್ನಿಸುತ್ತದೆ. ಆದರೆ ರೈಲು ಕಾರ್ಖಾನೆಯ ಬಾಗಿಲಿಗೆ ಬರುವುದಿಲ್ಲ. ಒಂದು ತುದಿಯಲ್ಲಿ ಲಾರಿಯಿಂದ ರೈಲಿಗೆ, ಇನ್ನೊಂದು ತುದಿಯಲ್ಲಿ ರೈಲಿನಿಂದ ಲಾರಿಗೆ ಮಾಲು ಬದಲಾಗಬೇಕು. ಆ ಎರಡು ಬದಲಾವಣೆಗಳ ಖರ್ಚನ್ನು ನಡುವಿನ ಉಳಿತಾಯ ಮೀರಬೇಕು. ಹತ್ತಿರದ ದಾರಿಯಲ್ಲಿ ಮೀರುವುದು ಕಷ್ಟ. ಕಲ್ಲಿದ್ದಲು, ಅದಿರು, ಧಾನ್ಯ, ಸಿಮೆಂಟ್‌ನಂಥ ತೂಕ ಜಾಸ್ತಿ, ಬೆಲೆ ಕಮ್ಮಿ ಇರುವ ಸರಕಿಗೆ ದೂರದ ದಾರಿಯಲ್ಲಿ ಸುಲಭವಾಗಿ ಮೀರುತ್ತದೆ.

ಕಂಟೇನರ್ ಜಗತ್ತನ್ನು ಬದಲಿಸಿದ್ದು ಈ ಬದಲಾವಣೆಯ ಖರ್ಚನ್ನು ಇಳಿಸಿಯೇ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗಣೆ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ಐಡಿಯಲ್ ಎಕ್ಸ್ ಅನ್ನುವ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಹೋಯಿತು. ಹಡಗು ಹಳೆಯದೇ, ಸಮುದ್ರ ಹಳೆಯದೇ. ಮೂಟೆ ಮೂಟೆಯಾಗಿ ಇಳಿಸುವುದನ್ನು ಬಿಟ್ಟು ಇಡೀ ಪೆಟ್ಟಿಗೆಯನ್ನೇ ಎತ್ತಿ ಇಟ್ಟಿದ್ದು ಹೊಸದು. ನಿಮ್ಮ ಪ್ರದೇಶದಲ್ಲೂ ದುಡ್ಡು ಸೋರುವುದು ಇಂಥ ಕೈ ಬದಲಾಗುವ ಜಾಗಗಳಲ್ಲೇ ಜಾಸ್ತಿ, ಮೊದಲು ಅಲ್ಲಿ ಹುಡುಕಿ.

ಹಂತ 7: ಕಗ್ಗಂಟುಗಳ ಪಟ್ಟಿ ಮಾಡಿ, ಸಣ್ಣದರಿಂದ ಬಿಡಿಸಿ

ಈಗ ನಕ್ಷೆ ತೆಗೆಯಬಹುದು. ಎಣಿಕೆ ಮತ್ತು ಹಾಳೆಗಳಲ್ಲಿ ಸಿಕ್ಕಿದ ಅಡ್ಡಿಗಳನ್ನೆಲ್ಲ ಗುರುತು ಹಾಕಿ. ತಿರುಗಲು ಜಾಗ ಸಾಲದ ವೃತ್ತ, ತಗ್ಗಾದ ಕೆಳಸೇತುವೆ, ತೂಕ ತಡೆಯದ ಹಳೆಯ ಸೇತುವೆ, ದಿನಕ್ಕೆ ಹತ್ತಾರು ಸಲ ಮುಚ್ಚುವ ರೈಲ್ವೆ ಗೇಟು, ಒಂದೇ ವೇಬ್ರಿಡ್ಜ್, ಸಂಜೆ 5ಕ್ಕೆ ಬಾಗಿಲು ಹಾಕುವ ತಪಾಸಣಾ ಕಚೇರಿ. ಪ್ರತಿಯೊಂದರ ಪಕ್ಕದಲ್ಲಿ ಬರೆಯಿರಿ: ದಿನಕ್ಕೆ ಎಷ್ಟು ಟನ್ ಇಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು, ಸರಿ ಮಾಡಲು ಏನು ಬೇಕು, ಯಾರ ಕೈಯಲ್ಲಿದೆ.

ಕಾಗದದಲ್ಲಿ ಬಿಡಿಸಬಹುದಾದ ಗಂಟಿಗೆ ಕಾಂಕ್ರೀಟ್ ಸುರಿಯಬೇಡಿ. ಜಾಂಬಿಯಾ, ಜಿಂಬಾಬ್ವೆ ನಡುವಿನ ಚಿರುಂಡು ಗಡಿಯಲ್ಲಿ ಲಾರಿಗಳು ಎರಡೂ ದೇಶಗಳ ತಪಾಸಣೆಗೆ ಎರಡೆರಡು ಸಲ ನಿಲ್ಲಬೇಕಿತ್ತು, ಸಾಲು ಬೆಳೆಯುತ್ತಿತ್ತು. 2009ರಲ್ಲಿ ಎರಡೂ ದೇಶದವರು ಒಂದೇ ಕಡೆ ಕೂತು ಒಂದೇ ನಿಲುಗಡೆಯಲ್ಲಿ ಕೆಲಸ ಮುಗಿಸುವ ವ್ಯವಸ್ಥೆ ಶುರು ಮಾಡಿದರು, ಕಾಯುವ ಹೊತ್ತು ಇಳಿಯಿತು.

ಕಾಂಕ್ರೀಟ್ ಬೇಕೇಬೇಕಾದ ಕಡೆಯೂ ಇದೆ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಂದ ಹೊರಡುವ ರೈಲುಗಳು ಊರೊಳಗೆ ಸುಮಾರು 200 ಲೆವೆಲ್ ಕ್ರಾಸಿಂಗ್‌ಗಳನ್ನು ದಾಟಬೇಕಿತ್ತು. ರೈಲಿಗೂ ತೊಂದರೆ, ಗೇಟಿನಲ್ಲಿ ನಿಂತ ಜನಕ್ಕೂ ತೊಂದರೆ. 2002ರಲ್ಲಿ ಶುರುವಾದ ಅಲಮೀಡಾ ಕಾರಿಡಾರ್ ಸುಮಾರು 32 ಕಿಲೋಮೀಟರ್ ಉದ್ದ, ಅದರ ಅರ್ಧದಷ್ಟು ದೂರ ಹಳಿಗಳು ನೆಲಮಟ್ಟದ ಕೆಳಗೆ, ಅಗೆದ ಕಾಲುವೆಯಲ್ಲಿ ಓಡುತ್ತವೆ. ಖರ್ಚು ಸುಮಾರು 240 ಕೋಟಿ ಡಾಲರ್. ಅಷ್ಟು ಖರ್ಚು ಮಾಡಲು ಅಷ್ಟು ಸರಕೂ ಇತ್ತು ಅನ್ನುವುದನ್ನು ಮರೆಯಬೇಡಿ.

ಓವರ್‌ಲೋಡ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷಾ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಶೇಕಡ 20ರಷ್ಟು ಜಾಸ್ತಿ ಹೇರಿದರೂ ಹಾನಿ ಹೆಚ್ಚುಕಡಿಮೆ ಎರಡು ಪಟ್ಟು. ತೂಕ ತಪಾಸಣೆ ಇಲ್ಲದ ಕಡೆ ಹೊಸ ರಸ್ತೆಗೆ ಹಾಕಿದ ಹಣ ಬೇಗ ಪುಡಿಯಾಗುತ್ತದೆ.

ಚಾಲಕರ ವಿಶ್ರಾಂತಿಯ ಜಾಗವೂ ಈ ಪಟ್ಟಿಯಲ್ಲಿ ಇರಲೇಬೇಕು. ಯುರೋಪಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ನಿಯಮ ಇದ್ದು ನಿಲ್ಲಲು ಜಾಗ ಇಲ್ಲದಿದ್ದರೆ ಲಾರಿ ಹೆದ್ದಾರಿ ಅಂಚಿನಲ್ಲಿ, ಕತ್ತಲಲ್ಲಿ ನಿಲ್ಲುತ್ತದೆ. ಶೌಚಾಲಯ, ನೀರು, ಬೆಳಕು, ಕಾವಲು ಇರುವ ನಿಲುಗಡೆ ಒಂದು ಉಪಕಾರ ಅಲ್ಲ, ಸಾಗಣೆಯದೇ ಭಾಗ.

ಹಂತ 8: ಜಾಗ ಕಾದಿಡಿ

ರೈಲು ಹಳಿ ಪಕ್ಕದ, ಬಂದರಿನ ಹತ್ತಿರದ ಜಾಗ ಒಮ್ಮೆ ವಸತಿಗೆ ಹೋದರೆ ಮತ್ತೆ ಬರುವುದಿಲ್ಲ. ಇವತ್ತು ಬೇಡ ಅನ್ನಿಸಿದರೂ ಭೂ ಬಳಕೆ ಯೋಜನೆಯಲ್ಲಿ ಸರಕಿಗೆ ಅಂತ ಬರೆಸಿಡಿ, ಮನೆಗಳಿಗೂ ಅದಕ್ಕೂ ನಡುವೆ ಅಂತರ ಬಿಡಿಸಿ.

ಸಮುದ್ರದಿಂದ ದೂರ ಇರುವ ಪ್ರದೇಶದವರು ಒಣ ಬಂದರಿನ ಬಗ್ಗೆ, ಅಂದರೆ ಬಂದರಿಗೆ ರೈಲಿನಿಂದ ಜೋಡಿಸಿದ ಒಳನಾಡಿನ ಕಂಟೇನರ್ ಅಂಗಳದ ಬಗ್ಗೆ ಯೋಚಿಸುತ್ತಾರೆ. ಒಳ್ಳೆಯದೇ, ಆದರೆ ಮೊದಲ ದಿನದಿಂದ ಮಾಲು ಕೊಡುವ ಒಬ್ಬ ದೊಡ್ಡ ಗ್ರಾಹಕ ಬೇಕು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಗ್ರೀರ್‌ನಲ್ಲಿ 2013ರಲ್ಲಿ ಒಣ ಬಂದರು ಶುರುವಾಯಿತು. ಚಾರ್ಲ್‌ಸ್ಟನ್ ಬಂದರಿನಿಂದ 340 ಕಿಲೋಮೀಟರ್ ದೂರ. ಹತ್ತಿರದಲ್ಲೇ ಬಿಎಂಡಬ್ಲ್ಯು ಕಾರ್ಖಾನೆ ಇತ್ತು, ಅದರ ಬಿಡಿಭಾಗಗಳ ಓಡಾಟವೇ ರೈಲನ್ನು ತುಂಬಿಸಲು ಆಸರೆಯಾಯಿತು. ಕಟ್ಟಿದರೆ ಬರುತ್ತಾರೆ ಅಂತ ನಂಬಿ ಕಟ್ಟಿ, ಖಾಲಿ ಅಂಗಳ ನೋಡುತ್ತಾ ಕೂತರೆ ಆ ಖರ್ಚು ಕೊನೆಗೆ ಜನರ ಮೇಲೇ ಬೀಳುತ್ತದೆ.

ಹಂತ 9: ದಾರಿ ಪಕ್ಕದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಲಾಭ ಇಡೀ ಪ್ರದೇಶಕ್ಕೆ, ಹೊಗೆ ಮತ್ತು ಸದ್ದು ಮಾತ್ರ ದಾರಿ ಪಕ್ಕದ ನಾಲ್ಕು ಬೀದಿಗಳಿಗೆ. ಇದು ನ್ಯಾಯವಲ್ಲ. ಶಾಲೆ, ಆಸ್ಪತ್ರೆ ಎಲ್ಲೆಲ್ಲಿವೆ ಅಂತ ಗುರುತಿಸಿ ಲಾರಿ ದಾರಿಯನ್ನು ಅಲ್ಲಿಂದ ತಪ್ಪಿಸಿ. ಹಂತ 4ರಲ್ಲಿ ನಾನೇ ರಾತ್ರಿ ಪಾಳಿ ಅಂದೆ, ಅದರ ಸದ್ದು ಯಾರ ನಿದ್ದೆ ಕೆಡಿಸುತ್ತದೆ ಅಂತಲೂ ನೋಡಿಯೇ ಜಾಗ ಆರಿಸಬೇಕು.

ಹಂತ 10: ಆಯ್ಕೆ, ಹಣ, ಹೊಣೆ

ಕೆಲಸಗಳನ್ನು ಮೂರು ಬುಟ್ಟಿಗೆ ಹಾಕಿ: ಈ ವರ್ಷವೇ ಆಗುವಂಥವು, ಐದು ವರ್ಷದಲ್ಲಿ ಆಗುವಂಥವು, ಅದಕ್ಕೂ ಮೀರಿದವು. ಮೊದಲ ಬುಟ್ಟಿ ಖಾಲಿ ಇದ್ದರೆ ಯೋಜನೆ ಕಪಾಟು ಸೇರುತ್ತದೆ ಅಂತಲೇ ಅರ್ಥ.

ದೊಡ್ಡ ಕೆಲಸಗಳ ಅಂದಾಜನ್ನು ನಂಬುವ ಮುಂಚೆ ಒಂದು ವಿಷಯ ತಿಳಿದಿರಲಿ. 2002ರಲ್ಲಿ ಪ್ರಕಟವಾದ ಡೆನ್ಮಾರ್ಕ್ ಸಂಶೋಧಕರ ಅಧ್ಯಯನವೊಂದು 258 ಸಾರಿಗೆ ಯೋಜನೆಗಳನ್ನು ನೋಡಿತು. ಹತ್ತರಲ್ಲಿ ಒಂಬತ್ತು ಅಂದಾಜು ವೆಚ್ಚವನ್ನು ಮೀರಿದ್ದವು. ಹಾಗಾಗಿ ನಿಮ್ಮ ಎಂಜಿನಿಯರು ಕೊಟ್ಟ ಅಂಕಿಯ ಜೊತೆಗೆ, ಇಂಥದ್ದೇ ಕೆಲಸಗಳು ಬೇರೆ ಕಡೆ ನಿಜವಾಗಿ ಎಷ್ಟಕ್ಕೆ ಮುಗಿದವು ಅನ್ನುವುದನ್ನೂ ಪಕ್ಕದಲ್ಲಿ ಇಡಿ. ಸರಕಿನ ಅಂದಾಜನ್ನೂ ಹೀಗೇ ಜಗ್ಗಿ ನೋಡಿ. ಆ ದೊಡ್ಡ ಕಾರ್ಖಾನೆ ಮುಚ್ಚಿದರೆ? ಡೀಸೆಲ್ ದುಬಾರಿಯಾದರೆ? ಆಗಲೂ ನಿಲ್ಲುವ ಕೆಲಸ ಮೊದಲು.

ದುರಸ್ತಿಯ ಹಣ ಎಲ್ಲಿಂದ ಅಂತ ಬರೆಯದ ಪ್ರಸ್ತಾವಕ್ಕೆ ಸಹಿ ಹಾಕಬೇಡಿ. ಪ್ರತಿ ಕೆಲಸಕ್ಕೂ ಒಂದು ಕಚೇರಿ, ಒಂದು ಹುದ್ದೆ, ಒಂದು ತಾರೀಖು ಇರಲಿ. "ಸಂಬಂಧಪಟ್ಟ ಇಲಾಖೆಗಳು" ಅಂತ ಬರೆದರೆ ಯಾರೂ ಮಾಡುವುದಿಲ್ಲ.

ಹಂತ 11: ಅಳೆಯಿರಿ

ಸರಾಸರಿ ಹೊತ್ತು ಅಳೆದರೆ ಸಾಲದು. ವ್ಯಾಪಾರಿಗೆ ಬೇಕಾದದ್ದು ನಂಬಿಕೆ. ದಿನಾ 5 ಗಂಟೆ ಹಿಡಿಯುವ ದಾರಿಯನ್ನು ಸಹಿಸಬಹುದು, ಒಂದು ದಿನ 3 ಗಂಟೆ, ಇನ್ನೊಂದು ದಿನ 8 ಗಂಟೆ ಹಿಡಿಯುವ ದಾರಿಗಾಗಿ ಗೋದಾಮಿನಲ್ಲಿ ಸುಮ್ನೆ ಜಾಸ್ತಿ ಮಾಲು ತುಂಬಿಡಬೇಕಾಗುತ್ತದೆ. ಅಮೆರಿಕದಲ್ಲಿ ಇದಕ್ಕೊಂದು ಸುಲಭದ ಅಳತೆ ಬಳಸುತ್ತಾರೆ. 100 ಟ್ರಿಪ್‌ಗಳನ್ನು ಹಿಡಿದ ಹೊತ್ತಿನ ಕ್ರಮದಲ್ಲಿ ಜೋಡಿಸಿ, 95ನೆಯದರ ಹೊತ್ತನ್ನು 50ನೆಯದರ ಹೊತ್ತಿನಿಂದ ಭಾಗಿಸಿ. 1ಕ್ಕೆ ಹತ್ತಿರ ಬಂದಷ್ಟೂ ದಾರಿ ನಂಬಿಕಸ್ಥ. ಇದರ ಜೊತೆಗೆ ಗೇಟಿನಲ್ಲಿ ಕಾದ ಹೊತ್ತು, ಖಾಲಿ ಓಟದ ಪಾಲು, ಟನ್‌ಗೆ ಬಾಡಿಗೆ, ಅಪಘಾತಗಳು, ಇಷ್ಟು ಸಾಕು. ಇಪ್ಪತ್ತು ಸೂಚ್ಯಂಕ ಇಟ್ಟುಕೊಂಡು ಒಂದನ್ನೂ ಅಳೆಯದವರೇ ಜಾಸ್ತಿ.

ಅಮೆರಿಕದ ರಾಜ್ಯಗಳು ತಮ್ಮ ಸರಕು ಯೋಜನೆಯನ್ನು 4 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ 2021ರ ಕಾನೂನಿನಲ್ಲಿದೆ. ನೀವು ಪೂರ್ತಿ ಪರಿಷ್ಕರಣೆಗೆ ಅಷ್ಟು ಸಮಯ ತೆಗೆದುಕೊಳ್ಳಿ. ಆದರೆ ಒಂದು ವರ್ಷ ಆಗುತ್ತಿದ್ದಂತೆ ಅದೇ ಖಾಲಿ ಹಾಳೆ ಹಿಡಿದು, ಅದೇ ಕಾರ್ಖಾನೆಯ ಗೇಟಿಗೆ, ಬೆಳಿಗ್ಗೆ 6 ಗಂಟೆಗೆ ಹೋಗಿ ನಿಲ್ಲಿ. ಗೇಟ್ ಚೀಟಿ ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಬರೆದುಕೊಳ್ಳಿ.